ಮಗುಚಿಕೊಳ್ಳದ ಕೂಸು ಉರುಳಿ ಬಿತ್ತಂತೆ!

ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಒಮ್ಮೆ ಬರೆದದ್ದೇ ತಪ್ಪಾಯ್ತೇನೋ. ಅವತ್ತಿನಿಂದ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತಿವೆ. ಈ ಸಲ ಒಟ್ಟಿಗೇ ಮುಗಿಸುತ್ತೇನೆ.

ಪ್ರಶ್ನೆ: ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ. ಮಕ್ಕಳನ್ನು ಕರೆತರುವ ಎಲ್ಲ ತಾಯಂದಿರಿಗೂ ಒಂದು ಫಾರಂ ತುಂಬಿಸಿ ದೌರ್ಜನ್ಯ ಪತ್ತೆ ಮಾಡಬಹುದೇ? ಅಂಥ ಫಾರಂ ಇದ್ದರೆ ಕಳಿಸಿ.

ಉತ್ತರ: ಕಳಿಸಲ್ಲ. ಹೊರಗೆ ಚೀಟಿ ಹಿಡಿದು ಸಾಲು ನಿಂತಿದೆ, ಅತ್ತೆ ಪಕ್ಕದಲ್ಲೇ ಇದ್ದಾರೆ. ‘ಮನೆಯಲ್ಲಿ ಮಗುವಿಗೆ ಹೊಡೆಯುತ್ತಾರಾ’ ಎಂಬ ಪ್ರಶ್ನೆಗೆ ಯಾವ ತಾಯಿ ‘ಹೌದು’ ಅಂತ ಬರೆಯುತ್ತಾಳೆ? ಎಲ್ಲರನ್ನೂ ಸಾಲಾಗಿ ಕೇಳುತ್ತಾ ಹೋಗಬೇಡಿ, ಗಾಯವೋ ವರ್ತನೆಯೋ ಅನುಮಾನ ಹುಟ್ಟಿಸಿದಾಗ ಕೇಳಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲೇ ಹೇಳಿದೆ.

ಮಗುವಿನ ಅಂಗಿ ತೆಗೆಸಿ ನೋಡಿ. ಓಡಾಡುವ ಮಗುವಿನ ಮೊಣಕಾಲು, ಹಣೆ ಕಂದಿದ್ದರೆ ಬಿಡಿ, ಆಡುವ ಮಕ್ಕಳು ಬೀಳುತ್ತವೆ. ನಾಲ್ಕು ವರ್ಷದೊಳಗಿನ ಮಗುವಿನ ಕಿವಿ, ಕುತ್ತಿಗೆ, ಎದೆ, ಹೊಟ್ಟೆ, ಬೆನ್ನು ಕಂದಿದ್ದರೆ ಬಿಡಬೇಡಿ. ಬಿದ್ದಾಗ ಕಿವಿಗೆ ಪೆಟ್ಟಾಗುವುದು ಅಪರೂಪ, ಭುಜ ಅಡ್ಡ ಬರುತ್ತೆ. ನಾಲ್ಕು ತಿಂಗಳು ತುಂಬದ ಕೂಸಿನ ಮೈ ಎಲ್ಲೇ ಕಂದಿರಲಿ, ಕಾರಣ ಬೇಕೇ ಬೇಕು. ಎರಡು ತಿಂಗಳ ಕೂಸನ್ನು ತಂದು ‘ಮಂಚದಿಂದ ಉರುಳಿ ಬಿತ್ತು ಡಾಕ್ಟ್ರೇ’ ಅನ್ನುತ್ತಾರೆ. ಅಷ್ಟು ಎಳೇ ಕೂಸು ಮಗುಚಿಕೊಳ್ಳುತ್ತಾ? ಸುಟ್ಟ ಗಾಯವೂ ಅಷ್ಟೇ. ಚಹಾ ಚೆಲ್ಲಿಕೊಂಡರೆ ಗಾಯ ಅಲ್ಲಲ್ಲಿ ಚದುರಿರುತ್ತೆ. ಕಾಲುಚೀಲ ತೊಡಿಸಿದ ಹಾಗೆ ಎರಡೂ ಪಾದ ಒಂದೇ ಗೆರೆಗೆ ಸುಟ್ಟಿದ್ದರೆ, ಯಾರೋ ಬಿಸಿನೀರಿನಲ್ಲಿ ಅದ್ದಿ ಹಿಡಿದಿರಬಹುದು.

ಹಾಗಂತ ಹಾರಿ ಬೀಳಬೇಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕೂಸಿನ ಕುಂಡೆ ಮೇಲೆ ಅಂಗೈಯಗಲ ನೀಲಿ ಗುರುತು ಕಂಡು ತಾಯಿಯನ್ನು ಗದರಿಬಿಟ್ಟೆ. ‘ಹುಟ್ಟಿದಾಗಿಂದ ಇದೆ ಸಾರ್’ ಅಂತ ಅವಳು ಅತ್ತಳು. ನಿಜವೇ, ಹುಟ್ಟುಮಚ್ಚೆ. ನಮ್ಮ ಮಕ್ಕಳಲ್ಲಿ ಜಾಸ್ತಿ. ಮುಟ್ಟಿದರೆ ನೋಯಲ್ಲ, ವಾರ ಕಳೆದರೂ ಬಣ್ಣ ಬದಲಾಗಲ್ಲ. ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದರೂ ಮೈ ಕಂದುತ್ತೆ, ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ದೂರು ಕೊಟ್ಟರೆ ಕೋರ್ಟಿಗೆ ಅಲೆಯಬೇಕಲ್ವಾ?

ಉತ್ತರ: ಲೈಂಗಿಕ ದೌರ್ಜನ್ಯ ಗೊತ್ತಾಗಿಯೂ ಸುಮ್ಮನಿದ್ದರೆ ಪೋಕ್ಸೊ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲಿದೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಅದೇ ಕಾಯ್ದೆಯಲ್ಲಿ ರಕ್ಷಣೆಯೂ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಇನ್ನೊಮ್ಮೆ ಕೇಳಬೇಡಿ.

ಪ್ರಶ್ನೆ: ಕಂದಿದ ಜಾಗದ ಬಣ್ಣ ನೋಡಿ ಎಷ್ಟು ದಿನದ ಪೆಟ್ಟು ಅಂತ ಹೇಳಬಹುದೇ?

ಉತ್ತರ: ಆಗಲ್ಲ. ಹೇಳುವವರು ಊಹೆ ಮಾಡುತ್ತಿದ್ದಾರೆ.

ಪ್ರಶ್ನೆ: ಪರೀಕ್ಷೆಯಲ್ಲಿ ಗಾಯ ಸಿಗದಿದ್ದರೆ ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದೇ?

ಉತ್ತರ: ಅಲ್ಲವೇ ಅಲ್ಲ. ಲೈಂಗಿಕ ದೌರ್ಜನ್ಯ ನಡೆದ ಹೆಚ್ಚಿನ ಮಕ್ಕಳಲ್ಲಿ ಗಾಯ ಕಾಣುವುದೇ ಇಲ್ಲ. ಯೋನಿಯೊಳಗೆ ಬೆರಳು ಹಾಕಿ ನೋಡುವ ‘ಎರಡು ಬೆರಳಿನ ಪರೀಕ್ಷೆ’ ಮಾಡಿದವರದ್ದು ದುರ್ನಡತೆ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಪ್ರಶ್ನೆ: ಕಾಮಾಲೆಗೆ ನಮ್ಮೂರಿನ ತಾತ ಕೂಸಿನ ಹೊಟ್ಟೆಗೆ ಬರೆ ಹಾಕುತ್ತಾರೆ. ವಾಸಿಯಾಗುತ್ತಲ್ಲ?

ಉತ್ತರ: ಹುಟ್ಟಿದ ಕೂಸಿನ ಕಾಮಾಲೆ ಬಹುಪಾಲು ತಾನಾಗೇ ಇಳಿಯುತ್ತೆ, ಹೆಸರು ತಾತನಿಗೆ. ಜಾಸ್ತಿಯಾದರೆ ಮಿದುಳು ಕೆಡುತ್ತೆ. ಅದಕ್ಕೆ ಬೆಳಕಿನ ಚಿಕಿತ್ಸೆ ಬೇಕು, ಕಾಸಿದ ಬಳೆ ಚೂರಲ್ಲ. ಎಳೇ ಚರ್ಮ ಸುಡುವುದು ಔಷಧವೂ ಅಲ್ಲ, ಸಂಪ್ರದಾಯವೂ ಅಲ್ಲ, ಹಿಂಸೆ. ತಾತನ ವಿಳಾಸ ನನಗೆ ಬರೆದಿದ್ದೀರಿ. ಅದನ್ನೂ 1098ಕ್ಕೇ ಕೊಡಿ.