ಹೊಳೆ ದಾಟಿಸಿದ ಅಂಬಿಗನನ್ನು ಇಳಿಸಬೇಕಾ?

ನೀವು ಕೇಳಿದ್ದು ಇಷ್ಟು: ಇಂಗ್ಲೆಂಡಿನ ಫುಟ್ಬಾಲಿನಲ್ಲಿ ಕೆಳಗಿನ ಲೀಗ್ ಗೆದ್ದು ಈಗಷ್ಟೇ ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗಿಗೆ ಬಂದ ಕ್ಲಬ್, ತನ್ನನ್ನು ಮೇಲೆ ತಂದ ಮ್ಯಾನೇಜರನ್ನೇ (ಅಂದರೆ ಮುಖ್ಯ ಕೋಚನ್ನೇ) ಇಟ್ಟುಕೊಳ್ಳಬೇಕಾ, ಇಲ್ಲ ದೊಡ್ಡ ಹೆಸರಿನ ಬೇರೆಯವರನ್ನು ತರಬೇಕಾ? ಉದಾಹರಣೆಗೆ 2025ರ ಬೇಸಿಗೆಯಲ್ಲಿ ಲೀಡ್ಸ್ ಕ್ಲಬ್ಬಿನ ಮ್ಯಾನೇಜರ್ ಡೇನಿಯಲ್ ಫಾರ್ಕೆ ಬಗ್ಗೆ ಎದ್ದ ಚರ್ಚೆಯನ್ನು ಕೊಟ್ಟಿದ್ದೀರಿ.

ಇಟ್ಟುಕೊಳ್ಳಿ ಅಂತೀನಿ. ಆದರೆ ಅದಕ್ಕೂ ಮೊದಲು ಅವರನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿ: ಚೆಂಡು ನಮ್ಮ ಹತ್ತಿರ ಇಲ್ಲದಾಗ ಏನು ಮಾಡ್ತೀರಿ?

ನಾನು ದಾವಣಗೆರೆಯವನು. ಹತ್ತಿ ಮಿಲ್ಲುಗಳ ಕಾಲದಲ್ಲಿ ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ಲುಗಳ ಸದ್ದು ನಿಂತರೂ ಹೆಸರು ಉಳಿಯಿತು. ಫುಟ್ಬಾಲ್ ಮಾತ್ರ ಯಾವತ್ತೂ ಬೇರು ಬಿಡಲಿಲ್ಲ. ಇಲ್ಲಿ ಹುಡುಗರಿಗೆ ಎರಡು ಕಲ್ಲು ಸಿಕ್ಕರೆ ಅದು ವಿಕೆಟ್, ಗೋಲ್‌ಪೋಸ್ಟ್ ಅಲ್ಲ. ನನಗೆ ಈ ಚಟ ಹಚ್ಚಿದ್ದು ಹಾಸ್ಟೆಲ್ಲಿನಲ್ಲಿದ್ದ ಕೇರಳದ ರೂಮ್‌ಮೇಟ್. ಈಗಲೂ ಶನಿವಾರ ರಾತ್ರಿ ಏಳೂವರೆಗೆ ಮಂಡಕ್ಕಿ, ಮಿರ್ಚಿ ಇಟ್ಟುಕೊಂಡು ಟಿವಿ ಮುಂದೆ ಕೂರುತ್ತೇನೆ. ಚಳಿಗಾಲದಲ್ಲಿ ಎಂಟೂವರೆ. (ಆ ಹೊತ್ತಿನ ಮ್ಯಾಚುಗಳನ್ನು ಇಂಗ್ಲೆಂಡಿನವರಿಗೇ ಟಿವಿಯಲ್ಲಿ ಲೈವ್ ತೋರಿಸುವುದಿಲ್ಲ. ನಮಗೆ ತೋರಿಸುತ್ತಾರೆ!) ನಾನು ಯಾವ ಟೀಮಿನ ಅಭಿಮಾನಿಯೂ ಅಲ್ಲ. ಮೇಲೆ ಯಾರು ಕಪ್ ಎತ್ತುತ್ತಾರೆ ಅನ್ನುವುದಕ್ಕಿಂತ, ಕೆಳಗಿನ ಮೂರು ಜಾಗದಲ್ಲಿ ಯಾರು ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವ ಜಗಳವೇ ನನಗೆ ಇಷ್ಟ. ಆ ಮೂವರು ಮುಂದಿನ ವರ್ಷ ಕೆಳಗಿನ ಲೀಗಿಗೆ ಇಳಿಯಬೇಕು.

ಹಾಗೆ ನೋಡುತ್ತಾ ಕೂತವನಿಗೆ ಒಂದು ವಿಷಯ ಗೊತ್ತಾಗುತ್ತದೆ. ಎರಡನೇ ದರ್ಜೆಯ ಚಾಂಪಿಯನ್‌ಶಿಪ್ ಗೆಲ್ಲುವ ಟೀಮ್ ಹೆಚ್ಚಿನ ಹೊತ್ತು ಚೆಂಡನ್ನು ತನ್ನ ಕಾಲಲ್ಲೇ ಇಟ್ಟುಕೊಂಡಿರುತ್ತದೆ. ಎದುರಾಳಿ ಹಿಂದೆ ಸರಿದು ನಿಂತಿರುತ್ತಾನೆ. ಮೇಲಕ್ಕೆ ಬಂದ ದಿನದಿಂದ ಎಲ್ಲ ತಿರುಗಾಮುರುಗಾ. ಬರ್ನ್‌ಲಿ ಕ್ಲಬ್ ನೋಡಿ. ಮ್ಯಾನೇಜರ್ ವಿನ್ಸೆಂಟ್ ಕೊಂಪನಿ ಕೈಯಲ್ಲಿ 2022-23ರಲ್ಲಿ 101 ಪಾಯಿಂಟ್ ಗಳಿಸಿತು. 46 ಮ್ಯಾಚಿನಲ್ಲಿ ಸೋತಿದ್ದು ಮೂರೇ ಮೂರು. ಮುಂದಿನ ವರ್ಷ ಮೇಲೆ ಬಂದು ಅದೇ ಆಟ ಆಡಿತು. 38 ಮ್ಯಾಚಿಗೆ 24 ಪಾಯಿಂಟ್, ಸೀದಾ ವಾಪಸ್. (ಕೊಂಪನಿಯವರಿಗೆ ಏನೂ ಆಗಲಿಲ್ಲ, ಜರ್ಮನಿಯ ದೊಡ್ಡ ಕ್ಲಬ್ ಬಯರ್ನ್ ಮ್ಯೂನಿಕ್ ಕರೆದು ಕೆಲಸ ಕೊಟ್ಟಿತು. ಇಂಥ ಅದೃಷ್ಟ ನಮ್ಮ ಆಫೀಸಿನಲ್ಲಿ ಯಾರಿಗೂ ಬಂದದ್ದು ನೋಡಿಲ್ಲ.) ಆ ವರ್ಷ ಬರ್ನ್‌ಲಿ ಜೊತೆ ಮೇಲೆ ಬಂದಿದ್ದ ಲೂಟನ್, ಶೆಫೀಲ್ಡ್ ಯುನೈಟೆಡ್ ಕೂಡ ಇಳಿದವು. ಮರುವರ್ಷ ಲೆಸ್ಟರ್, ಇಪ್ಸ್‌ವಿಚ್, ಸೌತಾಂಪ್ಟನ್ ಮೂರೂ ಇಳಿದವು. ಎರಡು ವರ್ಷ, ಆರಕ್ಕೆ ಆರೂ. ಇವರಲ್ಲಿ ಲೂಟನ್, ಬರ್ನ್‌ಲಿ, ಇಪ್ಸ್‌ವಿಚ್ ಮ್ಯಾನೇಜರನ್ನು ಬದಲಾಯಿಸಲಿಲ್ಲ. ಉಳಿದ ಮೂರು ಸೀಸನ್ ಮಧ್ಯದಲ್ಲೇ ಬದಲಾಯಿಸಿದವು. ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ನಿಂತರು.

ಹಾಗಾದರೆ ಬದಲಾಯಿಸುವುದರಿಂದ ಏನೂ ಆಗುವುದಿಲ್ಲವಾ? ಆಗುತ್ತದೆ. ಅದಕ್ಕೆ ಸೌತಾಂಪ್ಟನ್ ಒಂದೇ ಸಾಕು. ಎರಡೂ ತರಹದ ಉದಾಹರಣೆ ಅದೇ ಕ್ಲಬ್ಬಿನಲ್ಲಿದೆ.

ನೈಜೆಲ್ ಆಡ್ಕಿನ್ಸ್ ಆ ಕ್ಲಬ್ಬನ್ನು ಮೂರನೇ ದರ್ಜೆಯಿಂದ ಸಾಲಾಗಿ ಎರಡು ವರ್ಷದಲ್ಲಿ ಪ್ರೀಮಿಯರ್ ಲೀಗಿಗೆ ತಂದವರು. 2013ರ ಜನವರಿಯಲ್ಲಿ ಚೆಲ್ಸಿ ಮೈದಾನದಲ್ಲಿ ಎರಡು ಗೋಲ್ ಹಿಂದಿದ್ದು 2-2 ಮಾಡಿಕೊಂಡು ಬಂದರು. ಎರಡೇ ದಿನದಲ್ಲಿ ಅವರನ್ನು ಮನೆಗೆ ಕಳಿಸಿದರು. ಎಲ್ಲರೂ ಬೈದರು, ನಾನೂ ಬೈದೆ. ಬಂದವರು ಮೌರಿಸಿಯೊ ಪೊಚೆಟಿನೊ. ಪತ್ರಕರ್ತರ ಮುಂದೆ ಮಾತಾಡಲು ಪಕ್ಕದಲ್ಲಿ ಅನುವಾದಕರು ಬೇಕಾಗಿತ್ತು. ಟೀಮ್ ಉಳಿಯಿತು, ಮುಂದಿನ ವರ್ಷ ಎಂಟನೇ ಸ್ಥಾನ. ಲಲಾನಾ, ಶ್ನೈಡರ್ಲಿನ್, ಲ್ಯೂಕ್ ಶಾ ಅಂಥ ಹುಡುಗರು ಆಗಲೇ ಅಲ್ಲಿದ್ದರು. ಓಡಿ ಓಡಿ ಚೆಂಡು ಕಸಿಯುವ ಆಟಕ್ಕೆ ಹೇಳಿ ಮಾಡಿಸಿದ ಕಾಲುಗಳು.

ಈಗ 2024. ಅದೇ ಸೌತಾಂಪ್ಟನ್ನಿನ ಮ್ಯಾನೇಜರ್ ರಸೆಲ್ ಮಾರ್ಟಿನ್, ಗೋಲ್‌ಕೀಪರಿನಿಂದಲೇ ಸಣ್ಣ ಸಣ್ಣ ಪಾಸು ಕೊಟ್ಟು ಆಟ ಕಟ್ಟಬೇಕು ಅನ್ನುವ ಹಠದವರು. ಕೆಳಗೆ ಅದು ನಡೆಯಿತು. ಮೇಲೆ 16 ಮ್ಯಾಚಿಗೆ 5 ಪಾಯಿಂಟ್. ಡಿಸೆಂಬರ್‌ನಲ್ಲಿ ಮನೆಯಂಗಳದಲ್ಲೇ ಟಾಟನ್‌ಹ್ಯಾಮ್ ವಿರುದ್ಧ 0-5 ಸೋತ ರಾತ್ರಿಯೇ ಹೊರಗೆ. ಇವಾನ್ ಯೂರಿಚ್ ಬಂದರು. ಇವರದು ಪೂರ್ತಿ ಬೇರೆ ಪದ್ಧತಿ, ಮೈದಾನದ ತುಂಬ ಒಬ್ಬೊಬ್ಬರಿಗೆ ಒಬ್ಬೊಬ್ಬರನ್ನು ಅಂಟಿಸಿ ಆಡಿಸುವುದು. ಪಾಸು ಆಡಲು ಕೊಂಡ ಹುಡುಗರನ್ನು ಹಿಂದೆ ಹಿಂದೆ ಓಡು ಅಂದರೆ ಓಡುತ್ತಾರಾ? ಏಳು ಮ್ಯಾಚ್ ಬಾಕಿ ಇರುವಾಗಲೇ ಕೆಳಗಿಳಿಯುವುದು ಗಟ್ಟಿಯಾಯಿತು. ಕೊನೆಗೆ 12 ಪಾಯಿಂಟ್. ಡರ್ಬಿ ಕ್ಲಬ್ಬಿನ 2007-08ರ ಹೀನ ದಾಖಲೆಗಿಂತ ಒಂದೇ ಒಂದು ಹೆಚ್ಚು. ಆ ಡರ್ಬಿಯೂ ನವೆಂಬರ್‌ನಲ್ಲಿ ಮ್ಯಾನೇಜರ್ ಬದಲಾಯಿಸಿತ್ತು. ಇಡೀ ವರ್ಷ ಅವರು ಗೆದ್ದಿದ್ದು ಒಂದು ಮ್ಯಾಚು, ಅದೂ ಹಳೆಯವರ ಕಾಲದಲ್ಲಿ.

ಸೌತಾಂಪ್ಟನ್ನಿನವರು ಮೊದಲ ಸಲ ತಮ್ಮ ಕೈಯಲ್ಲಿದ್ದ ಹುಡುಗರಿಗೆ ಹೊಂದುವ ಮನುಷ್ಯನನ್ನು ತಂದರು. ಎರಡನೇ ಸಲ ಸುಮ್ನೆ ಗಾಬರಿ.

ಇನ್ನು ಫಾರ್ಕೆ. ಅವರ ಮೇಲೆ ಎಲ್ಲರಿಗೂ ಅನುಮಾನ ಯಾಕೆ ಅಂದರೆ, ನಾರಿಚ್ ಕ್ಲಬ್ಬನ್ನು ಎರಡು ಸಲ ಚಾಂಪಿಯನ್ ಮಾಡಿ ಮೇಲೆ ತಂದರು, ಮೇಲೆ 49 ಮ್ಯಾಚಿನಲ್ಲಿ ಗೆದ್ದಿದ್ದು 6. ಲೆಕ್ಕ ನೋಡಿದರೆ ಯಾರಿಗಾದರೂ ಭಯ ಆಗುತ್ತದೆ. ಆದರೆ 2021ರಲ್ಲಿ ಏನಾಯಿತು ನೋಡಿ. ಆ ಟೀಮಿನ ಜೀವ ಎಮಿ ಬುಯೆಂಡಿಯಾ. ಮೇಲಿನ ಲೀಗಿನ ಸೀಸನ್ ಶುರುವಾಗುವ ಮೊದಲೇ ಅವರನ್ನು ಆಸ್ಟನ್ ವಿಲ್ಲಾಗೆ ಮಾರಿದರು. ನವೆಂಬರ್‌ನಲ್ಲಿ ಸೀಸನ್ನಿನ ಮೊದಲ ಗೆಲುವು ಬಂತು, ಅದೇ ದಿನ ಫಾರ್ಕೆ ಹೊರಗೆ. ಆಮೇಲೆ ತಂದಿದ್ದು ಡೀನ್ ಸ್ಮಿತ್ ಅವರನ್ನು, ಒಂದು ವಾರದ ಹಿಂದಷ್ಟೇ ಅದೇ ವಿಲ್ಲಾ ಕೈಬಿಟ್ಟಿದ್ದ ಮ್ಯಾನೇಜರ್! ಒಳ್ಳೆಯ ಆಟಗಾರನನ್ನು ಕೊಟ್ಟು ಅವರಿಗೆ ಬೇಡವಾದವರನ್ನು ತಂದ ಹಾಗಾಯಿತು. ಕೊನೆಯ ಸ್ಥಾನ.

ನನ್ನ ವಾದಕ್ಕೆ ಕಲ್ಲು ಹಾಕುವ ಕ್ಲಬ್ ಅಂದರೆ ಬೋರ್ನ್‌ಮತ್. 2022ರಲ್ಲಿ ಮೇಲೆ ತಂದ ಸ್ಕಾಟ್ ಪಾರ್ಕರ್‌ರನ್ನು ನಾಲ್ಕೇ ಮ್ಯಾಚಿಗೆ ಕಳಿಸಿದರು. ನಾಲ್ಕನೆಯದು ಲಿವರ್‌ಪೂಲ್ ವಿರುದ್ಧ 0-9. ಒಳಗಿನವರೇ ಆದ ಗ್ಯಾರಿ ಒನೀಲ್ ಟೀಮನ್ನು ಬಿಗಿಯಾಗಿ ಕಟ್ಟಿ ಉಳಿಸಿದರು. ಅವರನ್ನೂ ತೆಗೆದು ಇರಾವೊಲಾ ಅವರನ್ನು ತಂದರು. ಇರಾವೊಲಾ ಮೊದಲ ಒಂಬತ್ತು ಲೀಗ್ ಮ್ಯಾಚಿನಲ್ಲಿ ಒಂದೂ ಗೆಲ್ಲಲಿಲ್ಲ. ಆದರೂ ಕ್ಲಬ್ ಕದಲಲಿಲ್ಲ. ಆ ವರ್ಷ 48 ಪಾಯಿಂಟ್ ಬಂತು. ಅದೇ 2022ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸತತ ಸೋಲಿನ ಮಧ್ಯೆಯೇ ಸ್ಟೀವ್ ಕೂಪರ್‌ಗೆ ಹೊಸ ಕರಾರು ಕೊಟ್ಟು ಕೂರಿಸಿತು, ಅವರೂ ಉಳಿದರು. ಅಂದರೆ ತೆಗೆದವರೂ ಉಳಿದಿದ್ದಾರೆ, ಇಟ್ಟುಕೊಂಡವರೂ ಉಳಿದಿದ್ದಾರೆ. ಆಮೇಲೆ ಏನು ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ನಾನು ಇಷ್ಟು ಖಡಕ್ಕಾಗಿ ಹೇಳೋದಕ್ಕೆ ಒಂದು ಸ್ವಂತ ಕಾರಣವೂ ಇದೆ. ಫುಟ್ಬಾಲ್ ಅಲ್ಲ, ಕ್ರಿಕೆಟ್. ಹತ್ತು ವರ್ಷದ ಹಿಂದೆ ಇಲ್ಲಿನ ಒಂದು ಸಣ್ಣ ಕ್ಲಬ್ಬಿನ ಕಮಿಟಿಯಲ್ಲಿದ್ದೆ. ಮ್ಯಾಟ್ ಮೇಲೆ ಆಡುವ ಡಿವಿಷನ್ ಲೀಗ್. ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ಕೋಚ್. ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಂದು ಮ್ಯಾಟನ್ನು ತಾವೇ ಎಳೆದು ಮೊಳೆ ಹೊಡೆಯುತ್ತಿದ್ದರು. ಮ್ಯಾಟ್ ಮೇಲೆ ಚೆಂಡು ಜಾಸ್ತಿ ತಿರುಗುತ್ತದೆ, ಪುಟಿಯುತ್ತದೆ ಅಂತ ಹೊಸ ಚೆಂಡನ್ನೇ ಸ್ಪಿನ್ನರ್ ಕೈಗೆ ಕೊಡುತ್ತಿದ್ದರು. ನೋಡಿದವರು ನಗುತ್ತಿದ್ದರು. ಅದರಿಂದಲೇ ನಾವು ಮೇಲಿನ ಡಿವಿಷನ್ನಿಗೆ ಬಂದೆವು.

ಬಂದ ತಿಂಗಳಲ್ಲೇ ಮೀಟಿಂಗ್. "ಮೇಲಿನ ಡಿವಿಷನ್ನಿಗೆ ಸರ್ಟಿಫಿಕೇಟ್ ಇರೋರು ಬೇಕ್ರಿ" ಅಂದರು ಒಬ್ಬರು. ಕೈ ಎತ್ತಿದವರಲ್ಲಿ ನಾನೂ ಇದ್ದೆ. ಹೊಸ ಕೋಚ್ ಬೆಂಗಳೂರಿನಿಂದ ಶನಿವಾರ ರೈಲಿಗೆ ಬರುತ್ತಿದ್ದರು, ಭಾನುವಾರ ಸಂಜೆ ಹೋಗುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ಎರಡು ಕಡೆಯಿಂದ ವೇಗದ ಬೌಲಿಂಗ್ ಬೇಕು ಅಂದರು. ನಮ್ಮಲ್ಲಿ ವೇಗದವರು ಇದ್ದದ್ದು ಒಬ್ಬನೇ, ಅವನಿಗೂ ಬೆನ್ನುನೋವು. ಒಂದೇ ವರ್ಷಕ್ಕೆ ಇಳಿದೆವು. ಮೇಷ್ಟ್ರು ಇದ್ದಿದ್ದರೂ ಇಳಿಯುತ್ತಿದ್ದೆವೇನೋ, ಎದುರಿನವರು ನಿಜಕ್ಕೂ ಗಟ್ಟಿಯಿದ್ದರು. ಆದರೆ ಮೇಷ್ಟ್ರ ಜೊತೆ ಇಬ್ಬರು ಸ್ಪಿನ್ನರ್ ಹುಡುಗರೂ ಹೋದರು. ಮತ್ತೆ ಮೇಲಕ್ಕೆ ಬರಲು ನಮ್ಮ ಹತ್ತಿರ ಏನೂ ಉಳಿದಿರಲಿಲ್ಲ.

ಇಂಗ್ಲೆಂಡಿನಲ್ಲಿ ಅಷ್ಟು ಕಷ್ಟವಿಲ್ಲ. ಒಂದೇ ವರ್ಷಕ್ಕೆ ಇಳಿದ ಕ್ಲಬ್ಬಿಗೂ ಎರಡು ವರ್ಷ ಪ್ಯಾರಾಚೂಟ್ ಹಣ (ಇಳಿದವರ ಆದಾಯ ಒಮ್ಮೆಲೇ ಕುಸಿಯದಿರಲಿ ಅಂತ ಕೊಡುವ ಹಣ) ಬರುತ್ತದೆ. 2020ರಲ್ಲಿ ಇಳಿದಾಗ ನಾರಿಚ್ ಫಾರ್ಕೆಯನ್ನೇ ಇಟ್ಟುಕೊಂಡಿತು, ಮರುವರ್ಷವೇ 97 ಪಾಯಿಂಟ್ ಗಳಿಸಿ ವಾಪಸ್ ಬಂತು. ಇಳಿದರೆ ಪ್ರಾಣ ಹೋಗುವುದಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ಇಲ್ಲಿ ಹೊಳೆ ಇನ್ನೂ ದಾಟಿಯೇ ಇಲ್ಲ. ನಡುಗಡ್ಡೆಗೆ ಬಂದು ನಿಂತಿದ್ದಾರೆ ಅಷ್ಟೇ. ನಾನು ಲೀಡ್ಸ್ ಮಾಲೀಕನಾಗಿದ್ದರೆ ಮೇ ತಿಂಗಳಲ್ಲೇ ಫಾರ್ಕೆಯವರ ಬಾಯಿಂದ ಚೆಂಡಿಲ್ಲದ ಆಟದ ಬಗ್ಗೆ ಕೇಳುತ್ತಿದ್ದೆ. ಉತ್ತರ ಸರಿಯಿದ್ದರೆ ಅವರು ಕೇಳಿದ ಆಟಗಾರರನ್ನು ಕೊಂಡು, ಮಾರ್ಚ್‌ವರೆಗೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಉತ್ತರ ಸರಿಯಿಲ್ಲದಿದ್ದರೆ ಜೂನ್‌ನಲ್ಲೇ ಕೈಮುಗಿದು ಕಳಿಸಬೇಕು, ಆಟಗಾರರನ್ನು ಕೊಳ್ಳುವ ಬಾಗಿಲು ತೆರೆದಿರುವಾಗ. ಡಿಸೆಂಬರ್‌ನಲ್ಲಿ ಅಲ್ಲ. ಲೀಡ್ಸ್ ಅವರನ್ನೇ ಇಟ್ಟುಕೊಂಡು ಸೀಸನ್ ಶುರು ಮಾಡಿತು. ನನಗದು ಸರಿ ಅನ್ನಿಸಿತು.

ಮೇಷ್ಟ್ರು ಮೂರು ವರ್ಷ ಆದ ಮೇಲೆ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೇ ಸಿಕ್ಕರು. ತಪ್ಪಾಯ್ತು ಸಾರ್ ಅಂತ ಹೇಳೋಣ ಅಂತ ಬಾಯಿ ತೆಗೆದೆ. ಅವರು ಕೇಳಿದ್ದು ಒಂದೇ: "ಆ ಮ್ಯಾಟ್ ಎಲ್ಲಿಟ್ಟೀರಿ? ಇಲಿ ಕಡಿದಿರ್ತಾವ, ಬಿಸಿಲಿಗೆ ಹಾಕ್ರಿ."