ಸೀನಾಯಿಯಲ್ಲಿ ತೇಗದ ಮರ ಎಲ್ಲಿಂದ ಬಂತು?

ಪ್ರಿಯ ಸಹೋದರರೇ, ಕರ್ತನಲ್ಲಿ ವಂದನೆ.

ಮೋಶೆಯ ಹಿಂದೆ ಐಗುಪ್ತ, ಅಂದರೆ ಈಜಿಪ್ಟ್ ಬಿಟ್ಟು ಸೀನಾಯಿ ಪ್ರದೇಶ ಹಾದುಹೋದ ಇಸ್ರಾಯೇಲ್ಯರ ಬಗ್ಗೆ ನೀವು ಕಳಿಸಿದ 'ಅರಣ್ಯಪ್ರಯಾಣದ 14 ಪಾಠಗಳು' ಲೇಖನವನ್ನು ಎರಡು ಸಲ ಓದಿದೆ. ಅಕ್ಷರ ಮುದ್ದಾಗಿದೆ. ವಚನಗಳ ಸಂಖ್ಯೆ ಎಲ್ಲೂ ತಪ್ಪಿಲ್ಲ. ಮೋಶೆಯ ಅಕ್ಕ ಮಿರ್ಯಾಮಳನ್ನು ಪಾಳೆಯದ ಹೊರಗಿಟ್ಟ ಏಳು ದಿನ ಇಡೀ ಜನ ಹೆಜ್ಜೆ ಕೀಳದೆ ಕಾದರು ಅಂತ ಬರೆದಿದ್ದೀರಲ್ಲ, ಅದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಚೆನ್ನಾಗಿದೆ. ಇನ್ನು ಬೈಗುಳ.

ಮೊದಲ ವಾಕ್ಯಕ್ಕೇ ಬರುತ್ತೇನೆ. "ಸೂರ್ಯನ ಬೆಳಕೂ ಬೀಳದ ದಟ್ಟ ಕಾಡು, ಸಾಲು ಸಾಲು ತೇಗದ ಮರಗಳ ನಡುವೆ ಇಸ್ರಾಯೇಲ್ಯರು ನಡೆದರು." ತೇಗ! ಅದೂ ಸೀನಾಯಿಯಲ್ಲಿ! ಅದು ದಾಂಡೇಲಿ ಅಲ್ಲ ತಮ್ಮಾ.

ತಪ್ಪು ಪೂರ್ತಿ ನಿಮ್ಮದಲ್ಲ, ಒಪ್ಪುತ್ತೇನೆ. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲ್ಲಿನಲ್ಲಿ, ಈ ಪ್ರಯಾಣದ ಕಥೆ ಹೇಳುವ ಪುಸ್ತಕದ ಹೆಸರೇ ಅರಣ್ಯಕಾಂಡ. ಅರಣ್ಯ ಅಂದ ಕೂಡಲೇ ಕನ್ನಡದವರ ಕಣ್ಮುಂದೆ ಬರುವುದು ಮರ, ಬಳ್ಳಿ, ಹುಲಿ. ರಾಮಾಯಣದಲ್ಲೂ ಒಂದು ಅರಣ್ಯಕಾಂಡ ಇದೆ, ಅಲ್ಲಿರುವುದು ನಿಜವಾದ ಕಾಡು. ಆದರೆ ಹೀಬ್ರೂದಲ್ಲಿ ನಮ್ಮ ಈ ಪುಸ್ತಕಕ್ಕೆ 'ಬೆಮಿದ್ಬಾರ್' ಅಂತಾರೆ. ಮಿದ್ಬಾರ್ ಅಂದರೆ ಊರು, ಹೊಲ ಇಲ್ಲದ ಬೆಂಗಾಡು. ಮಳೆ ಬಿದ್ದರೆ ಕುರಿ ಮೇಯುವಷ್ಟು ಹುಲ್ಲು, ಇಲ್ಲದಿದ್ದರೆ ಬರೀ ಕಲ್ಲು. ಮೋಶೆ ಮಾವನ ಕುರಿ ಹೊಡೆದುಕೊಂಡು ಹೋದದ್ದೂ ಇಂಥ ಕಡೆಗೇ. ಅವರು ಆರಾಧನೆಗೆಂದು ಹೊತ್ತು ತಿರುಗಿದ ದೇವದರ್ಶನದ ಗುಡಾರದ ಹಲಗೆ ಯಾವ ಮರದ್ದು, ತೆಗೆದು ನೋಡಿ. ಜಾಲಿ! ಪಕ್ಕದಲ್ಲೇ ತೇಗ ಇದ್ದಿದ್ದರೆ ಮುಳ್ಳು ಚುಚ್ಚಿಸಿಕೊಂಡು ಜಾಲಿ ಯಾಕೆ ಕಡಿಯುತ್ತಿದ್ದರು?

ಸುಮ್ನೆ ಕೊಂಕು ತೆಗೀತಿದ್ದಾರೆ ಅನ್ನಬೇಡಿ. ಮುಂದೆ ಏಲೀಮ್ ಅನ್ನೋ ತಂಗುದಾಣ ಬರುತ್ತದೆ. ಅಲ್ಲಿ 12 ಒರತೆ, 70 ಖರ್ಜೂರದ ಮರ ಇದ್ದವು ಅಂತ ಎಣಿಸಿ ಬರೆದಿದ್ದಾರೆ. ಕಾಡಿನಲ್ಲಿ ಯಾರಾದರೂ ಮರ ಎಣಿಸುತ್ತಾರಾ? ಎಷ್ಟೋ ದಿನಕ್ಕೆ ನೆರಳು ಕಂಡವರು ಮಾತ್ರ ಎಣಿಸುತ್ತಾರೆ. ನೀವು ಮೊದಲ ಸಾಲಿನಲ್ಲೇ ಕಾಡು ಬೆಳೆಸಿದ ಮೇಲೆ ಆ 70 ಮರಕ್ಕೆ ಬೆಲೆಯೇ ಉಳಿಯಲಿಲ್ಲ.

ಎರಡನೆಯದು ನನಗೆ ನಿಜಕ್ಕೂ ಸಿಟ್ಟು ಬರಿಸಿತು. ನಿಮ್ಮ ಮೂರನೇ ಪಾಠ: "ನೀರು ಸಿಗದ ಕೂಡಲೇ ಗೊಣಗಿದ ಈ ಕೃತಘ್ನರಂತೆ ನಾವಾಗಬಾರದು." 'ಕೂಡಲೇ' ಅಲ್ಲ. ಐಗುಪ್ತ ಬಿಟ್ಟು ಬಂದ ಕಥೆ ಇರುವ ಪುಸ್ತಕ ವಿಮೋಚನಕಾಂಡದ 15ನೇ ಅಧ್ಯಾಯ ಓದಿ. ಮೂರು ದಿನ. ಮಕ್ಕಳು, ಮುದುಕರು, ದನಕರು ಎಲ್ಲ ಜೊತೆಗೆ. ಕೊನೆಗೊಮ್ಮೆ ನೀರು ಕಂಡಿತು, ಬಾಯಿಗಿಟ್ಟರೆ ಕಹಿ. ಆ ಜಾಗಕ್ಕೆ ಮಾರಾ ಅನ್ನೋ ಹೆಸರು ಬಂದದ್ದೇ ಅದಕ್ಕೆ. ನಮ್ಮ ಓಣಿಯಲ್ಲಿ ಎಂಟು ದಿನಕ್ಕೊಮ್ಮೆ ನಲ್ಲಿ ಬಿಡುತ್ತಾರೆ. ಒಂಬತ್ತನೇ ದಿನ ಬೆಳಿಗ್ಗೆ ನನ್ನ ಬಾಯಲ್ಲಿ ಬರುವ ಮಾತು ನೀವು ಕೇಳಬೇಕು.

ಇನ್ನೊಂದು ವಿಷಯ. ಮಾರಾದಲ್ಲಿ ದೇವರು ಅವರನ್ನು ಬೈಯಲೇ ಇಲ್ಲ. ಒಂದು ಮರ ತೋರಿಸಿದರು, ಮೋಶೆ ಅದನ್ನು ನೀರಿಗೆ ಹಾಕಿದ, ನೀರು ಸಿಹಿಯಾಯಿತು. ದೇವರೇ ಬೈಯದ ಕಡೆ ನೀವು ಅರ್ಧ ಪುಟ ಬೈದಿದ್ದೀರಿ. ಮುಂದೆ ಮಾಂಸಕ್ಕಾಗಿ ಅತ್ತಾಗ ದೇವರಿಗೆ ಸಿಟ್ಟು ಬಂತು, ನಿಜ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಐದನೇ ಪಾಠಕ್ಕೆ ಮಾತ್ರ ನಗು ಬಂತು. "ಒಲೆ ಹಚ್ಚುವ ಕಷ್ಟವಿಲ್ಲದೆ ಆಕಾಶದಿಂದ ಸಿದ್ಧ ಆಹಾರ ಸುರಿಯಿತು" ಅಂದಿದ್ದೀರಿ. ಯಾಕೆ ನಗು ಅಂದರೆ, ಇದೇ ವಾಕ್ಯ ನಾನೂ ಬರೆದಿದ್ದೆ.

ಆಗ ನನಗೆ 22. ಹುಬ್ಬಳ್ಳಿಯ ಒಂದು ಸಣ್ಣ ಮಾಸಪತ್ರಿಕೆ. ಅಚ್ಚುಮೊಳೆ ಜೋಡಿಸುವ ಕಾಲ, ಕರಡು ತಿದ್ದುವುದು ನನ್ನ ಕೆಲಸ. ಸಂಪಾದಕರು ನಿವೃತ್ತ ಮಾಸ್ತರು. ಆಕಾಶದಿಂದ ಬಿದ್ದ ಆ ಆಹಾರ, ಅಂದರೆ ಮನ್ನದ ಬಗ್ಗೆ ಒಂದು ಪುಟ ಬರೆದು ಅವರ ಮೇಜಿನ ಮೇಲಿಟ್ಟೆ. ಓದಿದರು. ಕನ್ನಡಕ ಹಣೆಗೇರಿಸಿದರು. ಅರಣ್ಯಕಾಂಡ 11 ತೆಗೆದು ಎಂಟನೇ ವಚನ ನನ್ನ ಕೈಲೇ ಓದಿಸಿದರು. ಜನ ಮನ್ನವನ್ನು ಕೂಡಿಸಿ ತಂದು, ಬೀಸುವ ಕಲ್ಲಲ್ಲಿ ಬೀಸಿ, ಇಲ್ಲವೇ ಒರಳಲ್ಲಿ ಕುಟ್ಟಿ, ಬೇಯಿಸಿ, ರೊಟ್ಟಿ ಮಾಡುತ್ತಿದ್ದರು ಅಂತ ಅಲ್ಲಿದೆ.

"ದಿನಾ ಮುಂಜಾನೆ ರೊಟ್ಟಿ ಬಡಿದು ಬರಾಕಿ ನೀ, ನಿನಗೂ ಇದು ಕಾಣ್ಲಿಲ್ಲೇನವ್ವಾ?" ಅಂದರು.

ಅಷ್ಟೇ ಅಂದದ್ದು. ಬಗ್ಗಿ ಕೈ ನೋಡಿಕೊಂಡೆ. ಬೆಳಗಿನ ಜೋಳದ ಹಿಟ್ಟು ಉಗುರಿನ ಸಂದಿಯಲ್ಲಿ ಇನ್ನೂ ಒಣಗಿ ಕೂತಿತ್ತು.

ನೀವೂ ಒಂದು ಸಲ ಲೆಕ್ಕ ಹಾಕಿ. ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್. ಮನೆಯಲ್ಲಿ ಆರು ಜನ ಅಂದುಕೊಳ್ಳಿ. ಕಾಳು ಕೊತ್ತಂಬರಿ ಬೀಜದಂಥದ್ದು. ಬಿಸಿಲೇರಿದರೆ ಕರಗುತ್ತದೆ, ಅಷ್ಟರೊಳಗೆ ಕೂಡಿಸಬೇಕು. ನಾಳೆಗೆ ಎತ್ತಿಟ್ಟರೆ ಹುಳ ಬಿದ್ದು ನಾರುತ್ತದೆ. ಏಳನೇ ದಿನ ವಿಶ್ರಾಂತಿ, ಅದಕ್ಕೇ ಆರನೇ ದಿನ ಎರಡರಷ್ಟು. ಹೀಗೇ 40 ವರ್ಷ. ಬಗ್ಗಿ ಬಗ್ಗಿ ಹೆಕ್ಕಿದವರ ಸೊಂಟನೋವು ನಿಮ್ಮ ಲೇಖನದಲ್ಲಿ ಎಲ್ಲಿದೆ? ಐಗುಪ್ತದ ಸವತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಅವರು ಅತ್ತದ್ದು ತಪ್ಪೇ, ಇರಲಿ. ಆದರೆ ಬೆಳ್ಳುಳ್ಳಿ ಒಗ್ಗರಣೆ ಇಲ್ಲದೆ ನಿಮ್ಮ ಮನೆಯಲ್ಲಿ ಒಂದು ತಿಂಗಳು ಸಾರು ಮಾಡಿಸಿ, ಆಮೇಲೆ ಆ ಪ್ಯಾರಾ ತಿದ್ದಿ.

ಉಳಿದ ಪಾಠಗಳನ್ನು ನಾನು ಮುಟ್ಟಿಲ್ಲ. ಮೋಶೆ ಕಂಬಕ್ಕೇರಿಸಿದ ತಾಮ್ರದ ಸರ್ಪದ ಕಥೆ ಬೇರೆ ಲೇಖನಕ್ಕೆ ಎತ್ತಿಡಿ.

14 ಬೇಡ. ಮಾರಾ ಒಂದನ್ನೇ ಬರೆಯಿರಿ. ಮೂರನೇ ದಿನದ ಮಧ್ಯಾಹ್ನದಿಂದ ಶುರು ಮಾಡಿ, ತೊಗಲಿನ ಚೀಲ ಹಿಂಡಿದರೂ ಹನಿ ಬೀಳದ ಹೊತ್ತಿನಿಂದ. 'ಇದರಿಂದ ನಾವು ಕಲಿಯುವುದೇನೆಂದರೆ' ಅನ್ನೋ ಮಾತು ಒಂದು ಸಲವೂ ಬರಬಾರದು. ಈಗಿನ ಲೇಖನದಲ್ಲಿ ಅದು 17 ಸಲ ಇದೆ, ಎಣಿಸಿದ್ದೇನೆ. ನಮ್ಮ ಪತ್ರಿಕೆಯ ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ಉಪವಾಸಕಾಲದ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಬಿಟ್ಟಿದ್ದೇನೆ. ತೇಗದ ಮರ ಒಂದೂ ಬಿಡದೆ ಕಡಿದು ಕಳಿಸಿ, ಅರಣ್ಯ ಇಲಾಖೆಯವರು ಏನೂ ಅನ್ನುವುದಿಲ್ಲ.