ನೇರಳೆ ಕೋಣೇಲಿ ಹುಟ್ಟಿದ ಮಾತ್ರಕ್ಕೆ ಪಟ್ಟ ಸಿಗಲ್ಲ ಸ್ವಾಮಿ

ಪ್ರಶ್ನೆ: ಬೈಜಾಂಟೈನ್ (ಪೂರ್ವ ರೋಮನ್) ಚಕ್ರವರ್ತಿ ಪಟ್ಟದಲ್ಲಿದ್ದಾಗ ಹುಟ್ಟಿದ ಮಕ್ಕಳಿಗೆ 'ಪೋರ್ಫಿರೋಜೆನಿಟಸ್' (ನೇರಳೆ ಕೋಣೇಲಿ ಹುಟ್ಟಿದೋರು) ಅನ್ನೋ ಬಿರುದಿತ್ತಲ್ಲ ಸಾರ್, ಹಾಗಾದ್ರೆ ಕಾನೂನು ಪ್ರಕಾರ ಅವರೇ ಮುಂದಿನ ಚಕ್ರವರ್ತಿನಾ?

ಉತ್ತರ: ಅಲ್ಲ. ಎಷ್ಟು ಸಲ ಹೇಳ್ಬೇಕೋ. ಯಾರು ಪಟ್ಟಕ್ಕೆ ಬರಬೇಕು ಅಂತ ಅಲ್ಲಿ ಬರೆದಿಟ್ಟ ಕಾನೂನೇ ಇರ್ಲಿಲ್ಲ, ಸೈನ್ಯ, ಸೆನೆಟ್, ಊರಿನ ಜನ ಒಪ್ಪಿದ್ರೆ ಯಾರೂ ಆಗ್ಬಹುದಿತ್ತು, ಚಕ್ರವರ್ತಿ ಆದ ಒಂದನೇ ಬೆಸಿಲ್ ರೈತರ ಮನೆಯವನು.

ಬಿರುದನ್ನ ಜೋರಾಗಿ ಹೇಳ್ಕೋತಿದ್ದೋರು ಯಾರು ನೋಡಿ, ಕುರ್ಚಿ ಅಲ್ಲಾಡ್ತಿದ್ದೋರು. ಏಳನೇ ಕಾನ್‌ಸ್ಟಂಟೈನ್ 905ರಲ್ಲಿ ಹುಟ್ಟಿದಾಗ ಅವನಪ್ಪ ಆರನೇ ಲಿಯೋಗೂ ತಾಯಿ ಜೋಯಿಗೂ ಮದುವೇನೇ ಆಗಿರ್ಲಿಲ್ಲ, ಆಮೇಲೆ ಲಿಯೋ ಚರ್ಚ್ ಒಪ್ಪದ ನಾಲ್ಕನೇ ಮದುವೆ ಅಂತ ಅವಳನ್ನ ಕಟ್ಕೊಂಡಿದ್ದಕ್ಕೆ ಪೇಟ್ರಿಯಾರ್ಕ್ (ಚರ್ಚಿನ ಮುಖ್ಯಸ್ಥ) ನಿಕೋಲಸ್ ಚಕ್ರವರ್ತಿನ ಚರ್ಚ್ ಬಾಗಿಲಲ್ಲೇ ತಡೆದ. ಅಪ್ಪ ಸತ್ತ ಮೇಲೆ ನೌಕಾಪಡೆಯ ಮುಖ್ಯಸ್ಥ ರೊಮಾನೋಸ್ ಲೆಕಪೆನೋಸ್ ಬಂದು ಮಗಳನ್ನ ಈ ಹುಡುಗನಿಗೆ ಕೊಟ್ಟು, 920ರಲ್ಲಿ ತಾನೇ ಚಕ್ರವರ್ತಿ ಆಗಿ, ತನ್ನ ಮಕ್ಕಳಿಗೂ ಕಿರೀಟ ಇಟ್ಟು, ಅಳಿಯನ್ನ ಮೂಲೆಗೆ ಕೂರಿಸಿದ. ಬಿರುದು ಏನು ಮಾಡ್ತು? ಸುಮಾರು ಇಪ್ಪತ್ತೈದು ವರ್ಷ ಏನೂ ಇಲ್ಲ! 945ರಲ್ಲಿ ಅಧಿಕಾರ ಕೈಗೆ ಬಂತು, ಅದೂ ರೊಮಾನೋಸನ ಮಕ್ಕಳೇ ಅಪ್ಪನ್ನ ಇಳಿಸಿ ಎಡವಟ್ಟು ಮಾಡ್ಕೊಂಡಿದ್ದಕ್ಕೆ.

ಹಾಗಂತ ಬರೀ ಶೋಕಿ ಅಂತಾನೂ ಬರೀಬೇಡಿ. 1042ರಲ್ಲಿ ಚಕ್ರವರ್ತಿ ಐದನೇ ಮೈಕೆಲ್, ತನ್ನನ್ನ ದತ್ತು ತಗೊಂಡಿದ್ದ ಮಹಾರಾಣಿ ಜೋಯಿನ (ಇವಳು ಬೇರೆ ಜೋಯಿ, ನೇರಳೆ ಕೋಣೇಲಿ ಹುಟ್ಟಿದೋಳು) ತಲೆ ಬೋಳಿಸಿ ದ್ವೀಪಕ್ಕೆ ಅಟ್ಟಿದ. ಊರಿಗೂರೇ ಬೀದಿಗಿಳೀತು. ಅವನ ಕಣ್ಣು ಕಿತ್ತು, ಜೋಯಿ ಮತ್ತೆ ಅವಳ ತಂಗಿ ಥಿಯೋಡೋರಾ ಇಬ್ಬರನ್ನೂ ಸಿಂಹಾಸನದಲ್ಲಿ ಕೂರಿಸಿದ್ರು. ಆ ಬಿರುದಿನ ಬೆಲೆ ಇದ್ದಿದ್ದು ಜನರ ತಲೇಲಿ.

ಪ್ರಶ್ನೆ: ಹಿರಿಮಗನಿಗೆ ಮಾತ್ರನಾ?
ಉತ್ತರ: ಹೆಣ್ಣುಮಕ್ಕಳಿಗೂ ಇತ್ತು. ಅಪ್ಪ ಪಟ್ಟಕ್ಕೆ ಬರೋ ಮುಂಚೆ ಹುಟ್ಟಿದ್ರೆ ಹಿರಿಮಗನಿಗೂ ಇಲ್ಲ.

ಪ್ರಶ್ನೆ: ಮಗು ಮೈಬಣ್ಣ ನೇರಳೆ ಇರ್ತಿತ್ತಂತೆ, ವಾಟ್ಸಾಪಲ್ಲಿ ಬಂದಿತ್ತು.
ಉತ್ತರ: ನೇರಳೆ ಇದ್ದಿದ್ದು ಅರಮನೆಯ ಹೆರಿಗೆ ಕೋಣೆಯ ಕಲ್ಲು. ಆ ಗ್ರೂಪ್ ಬಿಡಿ.

ಪ್ರಶ್ನೆ: ಜರ್ಮನಿಯ ಚಕ್ರವರ್ತಿ ಎರಡನೇ ಒಟ್ಟೋನ ಮದುವೆಯಾದ ಥಿಯೋಫಾನೋಗೆ ಈ ಬಿರುದಿತ್ತಾ?
ಉತ್ತರ: 972ರಲ್ಲಿ ಕಳಿಸಿದ್ದು ಚಕ್ರವರ್ತಿ ಜಾನ್ ತ್ಸಿಮಿಸ್ಕೆಸನ ಸಂಬಂಧಿ ಹುಡುಗೀನ, ಅವಳಿಗೆ ಬಿರುದಿರ್ಲಿಲ್ಲ. ನಿಜವಾಗಿ ಬಿರುದಿದ್ದೋಳು ಅನ್ನಾ, ಚಕ್ರವರ್ತಿ ಎರಡನೇ ಬೆಸಿಲನ ತಂಗಿ, ಕೀವ್‌ನ ದೊರೆ ವ್ಲಾದಿಮಿರ್‌ಗೆ ಕೊಟ್ಟಿದ್ದು, ಅದೂ ಸೈನ್ಯದ ಸಹಾಯ ಬೇಕಾಗಿತ್ತು ಅಂತ.

ಪ್ರಶ್ನೆ: ಆನ್‌ಲೈನಲ್ಲಿ ಈ ಬಿರುದಿಗೆ ಸರ್ಟಿಫಿಕೇಟ್ ಕೊಡ್ತಾರಂತೆ, ವಂಶಾವಳಿ ಸಮೇತ?
ಉತ್ತರ: ಅಪ್ಪ ಆಳ್ತಿರುವಾಗ ಹುಟ್ಟಿರಬೇಕು, ಕೊನೇ ಚಕ್ರವರ್ತಿ ಸತ್ತಿದ್ದು 1453ರಲ್ಲಿ, ಅದೂ ಮಕ್ಕಳಿಲ್ಲದೆ. ಲೆಕ್ಕ ನೀವೇ ಹಾಕಿ, ದುಡ್ಡು ಮಾತ್ರ ಕಳಿಸ್ಬೇಡಿ.